ವೇದಾವತಿ: ಹಳ್ಳದಿಂದ ಹೊಳೆಯವರೆಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವೇದಾವತಿ ನದಿಯ ಹರಿವು ಮತ್ತು ಭೂಗೋಳವನ್ನು ಕುರಿತು ಮಾತನಾಡುವಂತೆ ನನಗೆ ಸೂಚಿಸಲಾಗಿದೆ. ನದಿಯೆಂಬುದು ನೀರಾವರಿ ಇಲಾಖೆಗೆ ಸೇರಿದ ವಿಷಯ, ಪಂಚಾಯಿತಿಗೆ ಅದರಲ್ಲಿ ಕೆಲಸವಿಲ್ಲ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಜಲಾಶಯ, ನಾಲೆ, ತೂಬುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಜಲಾಶಯಕ್ಕೆ ನೀರನ್ನು ತರುವವು ಹಳ್ಳಗಳು. ಆ ಹಳ್ಳಗಳು ಹುಟ್ಟಿ ಹರಿಯುವುದು ತಮ್ಮ ಪಂಚಾಯಿತಿಗಳ ಗಡಿಯೊಳಗೆ. ಈ ಮಾತು ಸ್ಪಷ್ಟವಾಗಬೇಕಾದರೆ ನದಿಯ ಜಾಡು ಹಿಡಿದು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಸಾಗಬೇಕು.

ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇದೆ. ಅದರ ಎತ್ತರ ಸುಮಾರು 1,930 ಮೀಟರ್. ಈ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿದ್ದ ಮಳೆ ಭದ್ರೆಯನ್ನು ಸೇರುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದ ಮಳೆ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳಾಗಿ ಬಯಲಿಗೆ ಇಳಿಯುತ್ತದೆ. ಬೆಟ್ಟದ ಮರೆಯಲ್ಲಿರುವುದರಿಂದ ಪೂರ್ವದ ಮಗ್ಗುಲಿಗೆ ಮುಂಗಾರಿನ ಪಾಲು ಕಡಿಮೆ. ಆದ್ದರಿಂದಲೇ ಹಿಂದಿನವರು ಈ ಹೊಳೆಗಳನ್ನು ಬೆಟ್ಟದ ಬುಡದಲ್ಲಿಯೇ ಕಟ್ಟಿ ನಿಲ್ಲಿಸಿದರು. ವೇದಾ ಹೊಳೆಗೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಿದೆ. ಅವತಿಗೆ ಮದಗದ ಕೆರೆಯಿದೆ. ಕೆರೆಗಳನ್ನು ದಾಟಿದ ನೀರು ಕಡೂರಿನ ಸಮೀಪ ಒಂದುಗೂಡುತ್ತದೆ. ಅಲ್ಲಿಂದ ಮುಂದೆ ಹೊಳೆಯ ಹೆಸರು ವೇದಾವತಿ.

ಕಡೂರಿನಿಂದ ಈಶಾನ್ಯಕ್ಕೆ ತಿರುಗಿದ ನದಿ ಹೊಸದುರ್ಗ ತಾಲ್ಲೂಕನ್ನು ಪ್ರವೇಶಿಸಿ, ಕೆಲ್ಲೋಡಿನ ಮೂಲಕ ಸಾಗಿ, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಗೆ ಬರುತ್ತದೆ. ಎರಡು ಗುಡ್ಡಗಳ ನಡುವಣ ಆ ಕಿರಿದಾದ ಕಣಿವೆಯಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಜಲಾಶಯದ ಪೂರ್ಣ ಮಟ್ಟ 130 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ಇದು ಹಿರಿಯೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಜಮೀನಿಗೂ ಚಿತ್ರದುರ್ಗ ಮುಂತಾದ ಪಟ್ಟಣಗಳ ಕುಡಿಯುವ ನೀರಿಗೂ ಆಧಾರವಾಗಿದೆ.

ಈ ಜಲಾಶಯವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೊಮ್ಮೆ ಕೋಡಿ ಹರಿದದ್ದು 2022ರಲ್ಲಿ, ಅಂದರೆ 89 ವರ್ಷಗಳ ಬಳಿಕ. ಈ ದೀರ್ಘ ಅಂತರದಲ್ಲಿ ನಮಗೊಂದು ಪಾಠವಿದೆ. ಜಲಾನಯನ ಪ್ರದೇಶದ ಮಳೆ ಅನಿಶ್ಚಿತವಾದುದು. ಮೇಲ್ಭಾಗದ ಕೆರೆಕಟ್ಟೆಗಳು ತಮ್ಮ ಪಾಲನ್ನು ಹಿಡಿದ ನಂತರ ಉಳಿದದ್ದಷ್ಟೇ ಮಾರಿಕಣಿವೆಗೆ ತಲುಪುತ್ತದೆ. 2022ರಲ್ಲಿ ಸುರಿದ ಭಾರಿ ಮಳೆಯ ಜೊತೆಗೆ, ಭದ್ರಾ ಮೇಲ್ದಂಡೆ ಯೋಜನೆಯಡಿ ಎತ್ತಿ ಹರಿಸಿದ ಭದ್ರೆಯ ನೀರೂ ಸೇರಿತ್ತು. ಹೊರಗಿನಿಂದ ನೀರು ಬಂದಿರುವುದು ಬರಪೀಡಿತ ಸೀಮೆಗೆ ದೊಡ್ಡ ಆಸರೆಯೇ ಸರಿ. ಆದರೆ ಜಲಾಶಯ ತುಂಬಿದೆಯೆಂದ ಮಾತ್ರಕ್ಕೆ ವೇದಾವತಿಯ ಹಳ್ಳಗಳು ಚೇತರಿಸಿಕೊಂಡಿವೆ ಎಂದು ಭಾವಿಸಲಾಗದು. ತುಂಬಿದ ಜಲಾಶಯದ ಮೇಲ್ಭಾಗದಲ್ಲಿಯೇ ಹಳ್ಳಗಳು ಒಣಗಿರುವುದು ಸಾಧ್ಯ.

ಅಣೆಕಟ್ಟಿನಿಂದ ಕೆಳಗೆ ನದಿ ಹಿರಿಯೂರನ್ನು ಹಾದು ಹೋಗುತ್ತದೆ. ಕೂಡ್ಲಹಳ್ಳಿಯ ಬಳಿ ದಕ್ಷಿಣದಿಂದ ಬರುವ ಸುವರ್ಣಮುಖಿ ಅದನ್ನು ಸೇರುತ್ತದೆ. ಬಳಿಕ ಉತ್ತರಾಭಿಮುಖವಾಗಿ, ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ, ಪರಶುರಾಂಪುರ ಸೀಮೆಯ ಮೂಲಕ ಸಾಗುತ್ತದೆ. ಮುಂದೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಹೊಕ್ಕು, ಭೈರವಾನಿತಿಪ್ಪ ಜಲಾಶಯವನ್ನು ದಾಟಿ, ಮರಳಿ ಕರ್ನಾಟಕದ ಬಳ್ಳಾರಿ ಜಿಲ್ಲೆಗೆ ಬರುತ್ತದೆ. ಈ ಭಾಗದ ಜನ ಅದನ್ನು ಹಗರಿ ಎಂದು ಕರೆಯುತ್ತಾರೆ. ಮೋಕಾ ಗ್ರಾಮವನ್ನು ಹಾದು, ಸಿರುಗುಪ್ಪ ತಾಲ್ಲೂಕಿನಲ್ಲಿ ಅದು ತುಂಗಭದ್ರೆಯನ್ನು ಸೇರುತ್ತದೆ. ಒಂದೇ ಬೆಟ್ಟಸಾಲಿನ ಎರಡು ಮಗ್ಗುಲುಗಳಿಂದ ಬೇರೆಯಾದ ಮಳೆನೀರು ಎರಡು ಹಾದಿಗಳಲ್ಲಿ ಹರಿದು ಅಲ್ಲಿ ಮತ್ತೆ ಒಂದಾಗುತ್ತದೆ. ಕೃಷ್ಣಾ ಕೊಳ್ಳದ 12 ಉಪಕೊಳ್ಳಗಳಲ್ಲಿ ವೇದಾವತಿಯದು ಒಂಬತ್ತನೆಯದು.

ಬಂಧುಗಳೇ, ಮಾರಿಕಣಿವೆಯಿಂದ ಕೆಳಗಿನ ವೇದಾವತಿಯಲ್ಲಿ ವರ್ಷದ ಬಹುಕಾಲ ಕಣ್ಣಿಗೆ ಕಾಣುವಂತೆ ನೀರು ಹರಿಯುವುದಿಲ್ಲ. ಅಲ್ಲಿ ಮರಳೇ ನದಿಯ ಭಂಡಾರ. ಮರಳಿನ ಕಣಗಳ ನಡುವೆ ಒಟ್ಟು ಗಾತ್ರದ ಸುಮಾರು ಮೂರನೆಯ ಒಂದು ಭಾಗದಷ್ಟು ತೆರವಿರುತ್ತದೆ. ಪ್ರವಾಹ ಬಂದಾಗ ನೀರು ಆ ತೆರವಿನಲ್ಲಿ ತುಂಬಿಕೊಳ್ಳುತ್ತದೆ. ಬಿಸಿಲಿಗೆ ಬೇಗನೆ ಆರದೆ, ನಿಧಾನವಾಗಿ ದಂಡೆಯ ಬಾವಿಗಳಿಗೂ ಕೊಳವೆಬಾವಿಗಳಿಗೂ ಇಳಿಯುತ್ತದೆ. ಮರಳನ್ನು ಬಂಡೆ ಕಾಣುವವರೆಗೆ ತೆಗೆದರೆ ಮುಂದಿನ ಪ್ರವಾಹ ಎಷ್ಟೇ ದೊಡ್ಡದಾಗಿದ್ದರೂ ನಿಲ್ಲಲು ಜಾಗವಿಲ್ಲದೆ ಹರಿದುಹೋಗುತ್ತದೆ. ಒಂದು ಲಾರಿ ಮರಳಿನ ಬೆಲೆಯನ್ನು ಪಡೆಯುವವನು ಒಬ್ಬ. ಬತ್ತಿದ ಬಾವಿಯ ನಷ್ಟವನ್ನು ಹೊರುವವರು ದಂಡೆಯ ರೈತರೆಲ್ಲರೂ. ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಬಿಡಿಸಿ ಹೇಳಬಲ್ಲವರು ತಾವೇ.

ಇನ್ನು ಹಳ್ಳಗಳ ವಿಷಯ. ತಮ್ಮ ಗ್ರಾಮದ ನಕಾಶೆಯನ್ನು ತೆರೆದು ನೋಡಿದರೆ ಪ್ರತಿಯೊಂದು ಹಳ್ಳವೂ ಅದರಲ್ಲಿ ಗುರುತಾಗಿರುವುದು ಕಾಣುತ್ತದೆ. ಪಹಣಿಯಲ್ಲಿ ಅದು ಸಾರ್ವಜನಿಕ ಹಕ್ಕಿನ ‘ಬಿ’ ಖರಾಬು. ನಕಾಶೆಯಲ್ಲಿ ಅಗಲವಾಗಿರುವ ಹಳ್ಳ ಸ್ಥಳದಲ್ಲಿ ಕಾಲುದಾರಿಯಷ್ಟಾಗಿದ್ದರೆ, ಎರಡೂ ಬದಿಯ ಉಳುಮೆ ಅದನ್ನು ವರ್ಷವರ್ಷವೂ ಅಷ್ಟಷ್ಟೇ ನುಂಗಿದೆ ಎಂದರ್ಥ. ಕೆರೆಯ ಹೂಳೆತ್ತುವ ಕಾಮಗಾರಿಗೆ ನಾವು ಉತ್ಸಾಹ ತೋರುತ್ತೇವೆ; ಅದಕ್ಕೆ ನೀರು ತರುವ ಪೋಷಕ ಕಾಲುವೆಯತ್ತ ಗಮನ ಹೋಗುವುದು ಕಡಿಮೆ. ಕಾಲುವೆ ಮುಚ್ಚಿದ ಕೆರೆಯನ್ನು ಎಷ್ಟು ಆಳ ಮಾಡಿದರೂ ಅದು ಒಣಗುಂಡಿಯಾಗಿಯೇ ಉಳಿಯುತ್ತದೆ.

ಸಂವಿಧಾನದ 11ನೆಯ ಅನುಸೂಚಿಯು ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿಯನ್ನು ಪಂಚಾಯತ್ ವ್ಯವಸ್ಥೆಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತ್ ವ್ಯವಸ್ಥೆಯ ಹೊಣೆಗೆ ಬರುತ್ತವೆ. ಆದ್ದರಿಂದ ಈ ಕೆಲಸ ಬೇರೆಯವರದೆಂದು ನಾವು ಕೈಬಿಡುವಂತಿಲ್ಲ.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ನಾವು ಮರೆಯಬಾರದು. ಮೇಲಿನ ಊರಿನವರು ಕೆರೆಯ ಕೋಡಿಯನ್ನು ಒಂದು ಅಡಿ ಎತ್ತರಿಸಿದರೆ ಅವರಿಗೆ ಅಷ್ಟು ನೀರು ಹೆಚ್ಚು ನಿಲ್ಲುತ್ತದೆ. ಕೆಳಗಿನ ಕೆರೆಗೆ ಕೊರತೆಯ ವರ್ಷದಲ್ಲಿ ಅದೇ ಒಂದು ಅಡಿ ನೀರು ತಪ್ಪುತ್ತದೆ. ಒಂದೇ ಹಳ್ಳಕ್ಕೆ ಸಾಲಾಗಿ ಚೆಕ್‌ಡ್ಯಾಂ ಕಟ್ಟಿದಾಗಲೂ ಹೀಗೆಯೇ ಆಗುತ್ತದೆ. ಮೇಲಿನವರ ಬೇಡಿಕೆ ಅನ್ಯಾಯವಲ್ಲ, ಕೆಳಗಿನವರ ಆಕ್ಷೇಪವೂ ಸುಳ್ಳಲ್ಲ. ಪಂಚಾಯಿತಿಯ ಗಡಿಗೆ ಕಾಮಗಾರಿಯ ಅಂದಾಜುಪಟ್ಟಿ ಮುಗಿಯುತ್ತದೆ, ಆದರೆ ಹಳ್ಳ ಮುಂದಕ್ಕೆ ಹರಿಯುತ್ತದೆ. ಆದಕಾರಣ ಹಳ್ಳಕ್ಕೆ ಅಡ್ಡಲಾಗಿ ಯಾವುದೇ ಕಟ್ಟಡವನ್ನು ಕ್ರಿಯಾಯೋಜನೆಗೆ ಸೇರಿಸುವ ಮೊದಲು, ಅದೇ ಹಳ್ಳದ ಕೆಳಗಿನ ಪಂಚಾಯಿತಿಯವರೊಡನೆ ಕುಳಿತು ಮಾತನಾಡುವುದು ಉಚಿತ. ಹೊಸ ಕಟ್ಟೆಗಿಂತ ಹಳೆಯ ಕೆರೆಯ ಕಾಲುವೆಯನ್ನು ತೆರವುಗೊಳಿಸುವುದರಿಂದಲೇ ಇಬ್ಬರಿಗೂ ಲಾಭವಾಗುವ ಸಂದರ್ಭಗಳುಂಟು. ಜಂಟಿಯಾಗಿ ಸ್ಥಳವನ್ನು ನೋಡಿದಾಗ ಮಾತ್ರ ಅದು ತಿಳಿದುಬರುತ್ತದೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ಮುನ್ನ ಗ್ರಾಮ ಆಡಳಿತಾಧಿಕಾರಿಯವರಿಂದ ಗ್ರಾಮನಕಾಶೆಯ ಪ್ರತಿಯನ್ನು ಪಡೆಯಿರಿ. ವ್ಯಾಪ್ತಿಯಲ್ಲಿರುವ ಹಳ್ಳಗಳ ಹೆಸರು, ಅವು ಹುಟ್ಟುವ ಗುಡ್ಡ, ತುಂಬಿಸುವ ಕೆರೆ, ಸೇರುವ ಹೊಳೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿಸಿರಿ. ಹಳ್ಳಗಳ ಹೆಸರುಗಳು ಹಿರಿಯರ ನೆನಪಿನಲ್ಲಿವೆ; ಅವರು ಇರುವಾಗಲೇ ಕೇಳಿ ದಾಖಲಿಸಿಕೊಳ್ಳಬೇಕು. ಆ ಹಾಳೆಯನ್ನು ಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕಕ್ಕೆ ಸೇರಿಸಿರಿ. ಒತ್ತುವರಿ ತೆರವಿಗಾಗಲಿ, ಕಾಮಗಾರಿಯ ಆಯ್ಕೆಗಾಗಲಿ, ನೆರೆಯ ಪಂಚಾಯಿತಿಯೊಡನೆ ನಡೆಸುವ ಮಾತುಕತೆಗಾಗಲಿ ಅದೇ ಆಧಾರವಾಗುತ್ತದೆ.