ಹೊಲದ ಕೆಲಸ ಮತ್ತು ಹಾಲೂಡಿಸುವ ತಾಯಿ

(ರಾಮಸಮುದ್ರದ ರೈತ ಕುಟುಂಬಗಳನ್ನು ಕುರಿತ ಭಾಷಣ)



ಮುಂಗಾರು ಮಳೆ ಬಿದ್ದು ಹೆಸರು, ತೊಗರಿ, ಹತ್ತಿ ಬಿತ್ತಿದ ಮೇಲೆ ಯಾದಗಿರಿ ಸೀಮೆಯ ಹೊಲಗಳಲ್ಲಿ ಕಳೆ ತೆಗೆಯುವ ಅವಸರ ಆರಂಭವಾಗುತ್ತದೆ. ಈ ಕೆಲಸದ ಬಹುಭಾಗ ಹೆಣ್ಣುಮಕ್ಕಳದು. ಹೆರಿಗೆಯಾಗಿ ಎರಡು ಮೂರು ತಿಂಗಳಾದ ತಾಯಿಯೂ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೊಲಕ್ಕೆ ಹೊರಡಬೇಕಾಗುತ್ತದೆ. ಎದೆಹಾಲು ತಪ್ಪುವ ಸಂಭವ ಈ ದಿನಗಳಲ್ಲಿ ಹೆಚ್ಚು. ಆದ್ದರಿಂದ ಈ ವಿಷಯ ತಾಯಂದಿರಿಗೆ ಮಾತ್ರವಲ್ಲ, ಕೆಲಸ ಹಂಚುವ ಗಂಡಸರಿಗೂ ಸೇರಿದ್ದು.

ಅಂಕಿ ಅಂಶಗಳು ಹೇಳುವುದೇನು?

ಕೂಸಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದನ್ನೇ ಕೊಡಬೇಕು. ಆ ಮೇಲೆ ಮೆತ್ತನೆಯ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲೊಂದನ್ನೇ ಕುಡಿಯುತ್ತಿದ್ದವರು ಸುಮಾರು ಶೇಕಡಾ 61 ಮಾತ್ರ. ಮೊದಲ ಗಂಟೆಯೊಳಗೆ ಹಾಲು ಸಿಕ್ಕಿದ್ದು ಸುಮಾರು ಅರ್ಧದಷ್ಟು ಮಕ್ಕಳಿಗೆ.

ಗಿಣ್ಣದ ಹಾಲಿನ ಪಾಠ

ಕರು ಹುಟ್ಟಿದ ಕೂಡಲೇ ಗಿಣ್ಣದ ಹಾಲು ಕುಡಿಸದಿದ್ದರೆ ಅದು ರೋಗಕ್ಕೆ ತುತ್ತಾಗುತ್ತದೆಂದು ದನ ಸಾಕಿದವರಿಗೆಲ್ಲ ಗೊತ್ತು. ತಾಯಿಯ ಮೊದಲ ದಿನಗಳ ಹಳದಿ ಹಾಲಿನಲ್ಲಿಯೂ ರೋಗನಿರೋಧಕ ಅಂಶಗಳು ಹೇರಳವಾಗಿವೆ. ಕರುವಿಗೆ ಕೊಟ್ಟಿದ್ದನ್ನು ಕೂಸಿಗೆ ತಪ್ಪಿಸಿ, ಹಿಂಡಿ ಚೆಲ್ಲಿ, ಜೇನುತುಪ್ಪ ಅಥವಾ ಸಕ್ಕರೆ ನೀರು ನೆಕ್ಕಿಸುವುದು ಸಲ್ಲದು. ಬೇಸಿಗೆಯಲ್ಲಿಯೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಡ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ.

ಹಾಲು ಬತ್ತುವುದೇಕೆ?

ಹಿಂಡದೆ ಬಿಟ್ಟ ಎಮ್ಮೆ ಬೇಗ ಬತ್ತುತ್ತದೆ. ಎದೆಹಾಲಿನ ನಿಯಮವೂ ಇದೇ: ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕುಡಿಸದಿದ್ದರೆ ಎದೆ ಕಟ್ಟಿ ನೋಯುತ್ತದೆ, ಕ್ರಮೇಣ ಹಾಲು ಕಡಿಮೆಯಾಗುತ್ತದೆ. ಆಗ ಮನೆಯವರು "ಇವಳಿಗೆ ಹಾಲೇ ಇಲ್ಲ" ಎಂದು ನೀರು ಬೆರೆಸಿದ ಹಾಲನ್ನು ಬಾಟಲಿಯಲ್ಲಿ ಕೊಡುತ್ತಾರೆ. ಮಳೆಗಾಲದ ನೀರು, ತೊಳೆಯದ ಬಾಟಲಿ, ಇವುಗಳಿಂದ ಭೇದಿ ಬಂದು ಕೂಸು ಸೊರಗುತ್ತದೆ. ತಪ್ಪು ತಾಯಿಯದಲ್ಲ, ಕೆಲಸದ ಏರ್ಪಾಡಿನದು. ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ತಿಳಿಯಬೇಕು.

ಕುಟುಂಬದವರು ಮಾಡಬೇಕಾದುದು

1. ಮೊದಲ ಆರು ತಿಂಗಳು ತಾಯಿಗೆ ದೂರದ ಹೊಲದ ಕೆಲಸ ಹಚ್ಚಬೇಡಿ. ಆಕೆಯ ಪಾಲಿನ ಕಳೆ, ನೀರು, ಕಟ್ಟಿಗೆಯ ಕೆಲಸವನ್ನು ಉಳಿದವರು ಹಂಚಿಕೊಳ್ಳಿ.

2. ಹೋಗಲೇಬೇಕಾದರೆ ಕೂಸನ್ನೂ, ನೋಡಿಕೊಳ್ಳಲು ಒಬ್ಬರನ್ನೂ ಜೊತೆಗೆ ಕಳಿಸಿ. ಮರದ ನೆರಳಿನಲ್ಲಿ ಜೋಳಿಗೆ ಕಟ್ಟಿ, ಕೂಸು ಅತ್ತಾಗಲೆಲ್ಲ ಕುಡಿಸಲು ಬಿಡಿ.

3. ಕೂಲಿಗೆ ಕರೆಯುವವರು ಹಾಲೂಡಿಸುವ ವೇಳೆಗೆ ಕೂಲಿ ಕಡಿಯಬಾರದು. 1961ರ ಹೆರಿಗೆ ಸೌಲಭ್ಯ ಕಾಯಿದೆ, ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಇಂಥ ಬಿಡುವನ್ನು ಕಾರ್ಖಾನೆಯ ತಾಯಿಗೆ ಕೊಟ್ಟಿತು. ಹೊಲದ ತಾಯಿಗೆ ಅದನ್ನು ಕೊಡುವುದು ಹೊಲದೊಡೆಯನ ಕೈಯಲ್ಲಿದೆ.

4. ಕೂಸನ್ನು ಬಿಟ್ಟು ಹೋಗುವುದಾದರೆ, ತಾಯಿ ಕೈ ತೊಳೆದು, ಕುದಿಸಿದ ಮುಚ್ಚಳದ ಪಾತ್ರೆಗೆ ಹಾಲು ಹಿಂಡಿಡಲಿ. ತಂಪಾದ ಜಾಗದಲ್ಲಿಟ್ಟು ನಾಲ್ಕು ಗಂಟೆಯೊಳಗೆ ಒಳಲೆ ಅಥವಾ ಚಮಚದಿಂದ ಕುಡಿಸಿ. ಬಾಟಲಿ ಬೇಡ.

5. ಹತ್ತಿಗೆ ಔಷಧಿ ಬೆರೆಸುವ, ಸಿಂಪಡಿಸುವ ಕೆಲಸಕ್ಕೆ ಹಾಲೂಡಿಸುವ ತಾಯಿಯನ್ನು ಎಂದಿಗೂ ಹಚ್ಚಬಾರದು. ಸಿಂಪಡಿಸಿದ ಬಟ್ಟೆಗಳನ್ನೂ ಆಕೆಯಿಂದ ಒಗೆಸಬೇಡಿ.

6. ಮೊದಲ ಆರು ತಿಂಗಳು ಆಕೆಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಎರಡು ರೊಟ್ಟಿ ಹೆಚ್ಚು, ಗಟ್ಟಿ ತೊಗರಿಬೇಳೆ, ಶೇಂಗಾ ಚಟ್ನಿ, ಸೊಪ್ಪಿನ ಪಲ್ಯ, ಒಂದು ಲೋಟ ಹಾಲು ಕೊಡಿ. ಪಥ್ಯವೆಂದು ಬಾಣಂತಿಯ ಹೊಟ್ಟೆ ಕಟ್ಟುವುದು ಸರಿಯಲ್ಲ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟದ ಬಗ್ಗೆ ಅಂಗನವಾಡಿಯಲ್ಲಿ ವಿಚಾರಿಸಿ.

ಎದೆ ಗಟ್ಟಿಯಾಗಿ ಕೆಂಪಾಗಿ ಜ್ವರ ಬಂದರೆ, ತೊಟ್ಟು ಒಡೆದರೆ, ಹಾಲು ಬಿಡಿಸದೆ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ತೋರಿಸಿ. ವಿಸ್ತರಣಾ ಕಾರ್ಯಕರ್ತರು ಕಳೆ ಹತೋಟಿಯ ಮಾತಾಡುವಾಗ ಆ ಮನೆಯಲ್ಲಿ ಬಾಣಂತಿ ಇದ್ದಾಳೆಯೇ ಎಂದೂ ಕೇಳಬೇಕು.

ಕಳೆ ನಾಲ್ಕು ದಿನ ತಡವಾದರೆ ಆ ನಷ್ಟವನ್ನು ಇನ್ನೊಂದು ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ಕೂಸಿನ ಮೊದಲ ಆರು ತಿಂಗಳಿಗೆ ಎರಡನೆಯ ಹಂಗಾಮಿಲ್ಲ. ರಾಮಸಮುದ್ರದ ರೈತರು ಮುಂದಿನ ಮುಂಗಾರಿನ ಕೆಲಸ ಹಂಚುವಾಗ ಇದನ್ನು ನೆನಪಿನಲ್ಲಿಡಬೇಕು.