ಭೂಗೋಳ ಪಾಠದಲ್ಲಿ ಸುಸ್ಥಿರ ಅಭಿವೃದ್ಧಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕನ್ನಡ ಮಾಧ್ಯಮದವರು 'ಸುಸ್ಥಿರ ಅಭಿವೃದ್ಧಿ' ಎಂದು ಓದುವುದನ್ನೇ ಉರ್ದು ಮಾಧ್ಯಮದವರು 'ಪಾಯೆದಾರ್ ತರಕ್ಕಿ' ಎಂದು ಓದುತ್ತಾರೆ. ಪಾಯೆದಾರ್ ಎಂದರೆ ಕಾಲೂರಿ ನಿಲ್ಲುವಂಥದ್ದು, ಬಾಳಿಕೆ ಬರುವಂಥದ್ದು. ರಬಕವಿ-ಬನಹಟ್ಟಿಯಲ್ಲಿ ಸೀರೆ ಕೊಳ್ಳುವವರು ಕೇಳುವುದೂ ಅದನ್ನೇ: ಎಷ್ಟು ದಿನ ಬಾಳುತ್ತದೆ?

ಇಂದಿನವರ ಅಗತ್ಯ ಪೂರೈಸಬೇಕು, ಆದರೆ ಮುಂದಿನ ಪೀಳಿಗೆಯ ಪಾಲನ್ನು ಕಸಿಯಬಾರದು ಎಂಬ ವಿಚಾರವನ್ನು 1987ರ ಬ್ರಂಟ್‌ಲ್ಯಾಂಡ್ ವರದಿ ಜಗತ್ತಿನ ಮುಂದಿಟ್ಟಿತು. 2007ರಲ್ಲಿ ಹೊರಬಂದ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಭೂಗೋಳ ಪುಸ್ತಕವೂ ಇದನ್ನೇ ಹೇಳಿ, 1992ರ ರಿಯೊ ಶೃಂಗಸಭೆಯನ್ನು ಪರಿಚಯಿಸಿತು. ಅತಿಯಾದ ನೀರಾವರಿಯಿಂದ ಭೂಮಿ ಕೆಡುವುದಕ್ಕೆ ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶಗಳ ಉದಾಹರಣೆ ಕೊಟ್ಟಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ವಿದ್ಯಾರ್ಥಿ ಅದನ್ನು ದೂರದ ಸುದ್ದಿಯೆಂದು ಬಾಯಿಪಾಠ ಮಾಡಿ, ಎರಡು ಅಂಕ ಪಡೆದು ಮರೆಯುತ್ತಾನೆ.

ಮುಧೋಳ, ಜಮಖಂಡಿಯ ಕಬ್ಬಿನ ರೈತರಿಗೆ 'ಸವಳು-ಜವಳು' ಹೊಸ ಮಾತಲ್ಲ. ಕಪ್ಪು ಮಣ್ಣಿಗೆ ಮೇಲಿಂದ ಮೇಲೆ ನೀರು ಹಾಯಿಸಿ, ಅದು ಬಸಿದು ಹೋಗಲು ದಾರಿ ಮಾಡದಿದ್ದರೆ, ಕೆಳಗಿನ ಲವಣ ಮೇಲೆದ್ದು ನೆಲ ಬೆಳ್ಳಗಾಗುತ್ತದೆ. ಪುಸ್ತಕದ ಪಂಜಾಬ್ ನಮ್ಮ ಹೊಲದಲ್ಲೇ ಇದೆ.

ಇನ್ನೊಂದು ಕೊರತೆಯೂ ಇದೆ. 'ನಾವು ಸಂಪನ್ಮೂಲ ಉಳಿಸಬೇಕು' ಎನ್ನುತ್ತವೆ ಪಾಠಗಳು. ಈ 'ನಾವು' ಯಾರು? ಆಲಮಟ್ಟಿ ಜಲಾಶಯದಿಂದ ಎಷ್ಟೋ ಹೊಲಗಳು ಹಸಿರಾದವು. ಅದೇ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಎಷ್ಟೋ ಕುಟುಂಬಗಳು ಮನೆ, ಹೊಲ ಬಿಟ್ಟುಕೊಟ್ಟವು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಅವಕಾಶ ನೀಡಿತು. ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಕೇಳದ ಪಾಠ ಅರ್ಧ ಪಾಠವೇ ಸರಿ.

ಭರವಸೆಯ ಉದಾಹರಣೆಯೂ ನಮ್ಮಲ್ಲೇ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ನೀರು ನಿಲ್ಲಿಸಿದ್ದು ಒಗ್ಗಟ್ಟು. ಆ ನೀರನ್ನು ಹಿತಮಿತವಾಗಿ ಬಳಸುವುದಕ್ಕೂ ಅದೇ ಒಗ್ಗಟ್ಟು ಬೇಕು.

ಶಿಕ್ಷಕ ಬಂಧುಗಳೇ, ಈ ಪಾಠ ಬಂದಾಗ ಮಕ್ಕಳನ್ನು ಒಂದು ದಿನ ಹೊಲಕ್ಕೆ ಕರೆದೊಯ್ಯೋಣ. ವಿದ್ಯಾರ್ಥಿಗಳೇ, ಮನೆಯ ಹಿರಿಯರನ್ನು ಕೇಳಿರಿ: ಮೊದಲು ಯಾವ ಬೆಳೆ ಬೆಳೆಯುತ್ತಿದ್ದಿರಿ? ಬಾವಿಯಲ್ಲಿ ನೀರೆಷ್ಟಿತ್ತು? ಊರು ಎಲ್ಲಿತ್ತು? ಅವರ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪುಸ್ತಕದ ಪಕ್ಕದಲ್ಲಿಟ್ಟು ಓದಿರಿ. ಆಗ ಈ ಪಾಠ ಪರೀಕ್ಷೆ ಮುಗಿದ ಮೇಲೂ ನಿಮ್ಮೊಂದಿಗೆ ಉಳಿಯುತ್ತದೆ.