ಸಿಗ್ನಲ್ ಸಿಗದ ಶಾಲೆಯಲ್ಲಿ ಆನ್‌ಲೈನ್ ಪ್ರಯೋಗ



ಅಂತರ್ಜಾಲ ಸಂಪರ್ಕ ಬರಲೆಂದು ಶಾಲೆಗಳು ಕಾಯಬೇಕಾಗಿಲ್ಲ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಪ್ರಯೋಗಗಳು ಉಚಿತ. ಕನ್ನಡದಲ್ಲಿಯೂ ಕೆಲವು ಲಭ್ಯ. ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದರೆ, ಶಾಲೆಯ ಗಣಕಯಂತ್ರದಲ್ಲಿ ಸಂಪರ್ಕವಿಲ್ಲದೆಯೂ ತೆರೆದುಕೊಳ್ಳುತ್ತವೆ.

ಆದರೆ ಮೌಸ್ ಶಿಕ್ಷಕರ ಕೈಯಲ್ಲಿಯೇ ಉಳಿದರೆ ಮಕ್ಕಳು ಬರಿಯ ಪ್ರೇಕ್ಷಕರು. ವಿದ್ಯುನ್ಮಂಡಲಕ್ಕೆ ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಬೆಳಕು ಏನಾದೀತೆಂದು ಅವರು ಮೊದಲು ಊಹಿಸಿ ಬರೆಯಲಿ. ಬಳಿಕ ತಾವೇ ಜೋಡಿಸಲಿ. ಮಂಕಾದುದನ್ನು ಕಂಡ ಮೇಲೆ ಸಮಾಂತರವಾಗಿ ಜೋಡಿಸಿ ಹೋಲಿಸಲಿ. ಪಕ್ಕದಲ್ಲಿ ನಿಜವಾದ ಶುಷ್ಕಕೋಶ, ತಂತಿ, ಬಲ್ಬುಗಳೂ ಇರಬೇಕು. ಪರದೆಯ ತಂತಿ ಸಡಿಲಗೊಳ್ಳುವುದಿಲ್ಲವಲ್ಲ!

ಹೊಸ ಸಲಕರಣೆಗೆ ಅನುದಾನ ಕೋರುವ ಮುನ್ನ ಒಂದು ತರಗತಿಯಲ್ಲಾದರೂ ಈ ಪಾಠ ನಡೆಯಲಿ. ಮಕ್ಕಳ ಊಹೆಯ ಹಾಳೆಗಳನ್ನು ಎಸ್‌ಡಿಎಂಸಿ ಸಭೆಯ ಮುಂದಿಡಲಿ.